ಗೂಳಿಗೆ ಬೆಲೆ ಕಟ್ಟಿದವರು

"ನಿಧಾನ ಮೇಡಂ, ಗಾಜಿನ ಬಾಗಿಲು."

"ಒಡೆದ್ರೆ ಹೊಸದು ಹಾಕಿಸಿಕೊಡ್ತೀನಿ. ಮೊದಲು ನನ್ನ ತಂಗಿ ಮುಖಕ್ಕೆ ಬಳಿದಿರೋ ಮಸಿ ಒರೆಸಿ."

ಕನ್ನಡಕದ ಅಂಗಡಿಯವನು ತಲೆಯೆತ್ತಲಿಲ್ಲ. ಎಡಗೈಯಲ್ಲಿ ಕಡ್ಡಿ ಕಳಚಿದ ಕನ್ನಡಕ, ಬಲಗೈಯಲ್ಲಿ ಬೆಂಕಿಕಡ್ಡಿಯಷ್ಟು ಸಣ್ಣ ಸ್ಕ್ರೂಡ್ರೈವರ್. ಪಕ್ಕದ ಎತ್ತರದ ಕುರ್ಚಿಯಲ್ಲಿ ಒಬ್ಬರು ಮುದುಕರು ಕೂತಿದ್ದರು. ಮೂಗಿನ ಮೇಲೆ ಕಣ್ಣು ಪರೀಕ್ಷೆಯ ಭಾರದ ಚೌಕಟ್ಟು, ಒಂದು ಕಣ್ಣಿಗೆ ಕಪ್ಪು ಬಿಲ್ಲೆ. ಇನ್ನೊಂದು ಕಣ್ಣಿನಿಂದ ಅವರು ಗೋಡೆಯ ಮೇಲಿನ ಅಕ್ಷರಗಳನ್ನು ಬಿಟ್ಟು ನನ್ನನ್ನೇ ನೋಡತೊಡಗಿದರು.

"ತಕ್ಕಡಿ ಅಂದ್ರೆ ನೀವೇ ತಾನೆ?" ಎಂದೆ.

ಸ್ಕ್ರೂಡ್ರೈವರ್ ನಿಂತಿತು. ಈ ಅಂಗಡಿಯಲ್ಲಿ ಅವನನ್ನು ಯಾರೂ ಆ ಹೆಸರಿನಿಂದ ಕರೆದಿರಲಿಕ್ಕಿಲ್ಲ.

ಆ ಹೆಸರಿರುವುದು ಆಟದಲ್ಲಿ. ನಾಲ್ಕು ಸಾವಿರ ಜನ ಅವರವರ ಮನೆಯ ಕಂಪ್ಯೂಟರಿನ ಮುಂದೆ ಕೂತು ಆಡುವ ಫುಟ್‌ಬಾಲ್ ಅದು. ಚೆಂಡನ್ನು ಯಾರೂ ಒದೆಯುವುದಿಲ್ಲ. ಒಬ್ಬೊಬ್ಬರಿಗೂ ಒಂದೊಂದು ತಂಡ. ಆಟಗಾರರನ್ನು ಕೊಳ್ಳುವುದು, ಪಳಗಿಸುವುದು, ಮಾರುವುದು. ಗೋಲು, ಓಟ, ದಮ್ಮು ಎಂದು ಒಬ್ಬೊಬ್ಬ ಆಟಗಾರನಿಗೂ ಅಂಕಿಗಳು. ಆ ಆಟಗಾರರು ಹುಟ್ಟುವುದೂ ಯಂತ್ರದೊಳಗೇ, ಮುದುಕರಾಗುವುದೂ ಅಲ್ಲೇ. ಯಾವ ಆಟಗಾರ ಎಷ್ಟು ಬಾಳುತ್ತಾನೆ ಎಂದು ಜಗಳ ಬಂದರೆ ತೀರ್ಪು ಹೇಳಲು ಮೂವರು ಬೆಲೆಗಾರರಿದ್ದಾರೆ. ಒಬ್ಬ ಈ ತಕ್ಕಡಿ. ಇನ್ನೊಬ್ಬ ಯಾವುದೋ ಹಡಗಿನ ಅಡುಗೆಯವನು, ತಕ್ಕಡಿ ಹೂಂ ಎಂದರೆ ಹೂಂ, ಉಹೂಂ ಎಂದರೆ ಉಹೂಂ. ಮೂರನೆಯವಳು ನನ್ನ ತಂಗಿ.

ಹೋದ ವಾರದ ಶುಕ್ರವಾರ ಬೆಳಿಗ್ಗೆ ಹನ್ನೊಂದಕ್ಕೆ ಅವಳ ತಂಡದಿಂದ ಗೂಳಿ ಮಾರಾಟವಾಗಿ ಹೋದ. ಗೂಳಿ ಅವಳ ಗೋಲು ಹೊಡೆಯುವ ಆಟಗಾರ, ಆ ಹೆಸರಿಟ್ಟವಳೂ ಅವಳೇ. ಆಟದ ಐದು ಲಕ್ಷ ನಾಣ್ಯ ಬಾಳುವವನು ನಲವತ್ತು ಸಾವಿರಕ್ಕೆ, ಅದೂ ಅದೇ ವಾರ ಹುಟ್ಟಿದ ಹೇಳಹೆಸರಿಲ್ಲದ ತಂಡಕ್ಕೆ ಹೋದ. ಮಾರಿದ್ದು ನಾನಲ್ಲ ಎನ್ನುತ್ತಾಳೆ ತಂಗಿ. ಆ ಹೊತ್ತಿನಲ್ಲಿ ಅವಳು ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ನಿಂತು ಹಾಸಿಗೆ ಬಟ್ಟೆ ಮಡಚುತ್ತಿದ್ದಳು. ಹತ್ತು ನಿಮಿಷದೊಳಗೆ ಹೆಸರಿಲ್ಲದ ಒಂದು ದೂರು ಬಿತ್ತು: ಕೊಂಡ ತಂಡವೂ ಇವಳದ್ದೇ, ಮೋಸ ಮಾಡಿದ್ದಾಳೆ, ತನಿಖೆ ಆಗಲಿ. ತೀರ್ಪು ಇವತ್ತು ಸಂಜೆ ನಾಲ್ಕಕ್ಕೆ. ತಪ್ಪು ಎಂದಾದರೆ ಹನ್ನೊಂದು ವರ್ಷದ ತಂಡ ಅಳಿಸಿಹೋಗುತ್ತದೆ, ಅವಳ ಹೆಸರು ಮೋಸಗಾರರ ಪಟ್ಟಿಯಲ್ಲಿ ಎಲ್ಲರ ಕಣ್ಣಿಗೂ ಬೀಳುತ್ತದೆ.

ಆಟ ತಾನೇ, ಹೋದರೆ ಹೋಗಲಿ ಎನ್ನುವವರಿಗೆ ನನ್ನ ಉತ್ತರ ಒಂದೇ. ಕೆಲಸದ ಜಾಗದಲ್ಲಿ ನನ್ನ ತಂಗಿಯನ್ನು ಯಾರೂ ಏನೂ ಕೇಳುವುದಿಲ್ಲ. ಮನೆಯಲ್ಲಿ ಕೇಳುವುದು ಟವೆಲ್ ಎಲ್ಲಿ ಎಂದು ಮಾತ್ರ. ಆ ಆಟದಲ್ಲಿ ಮಾತ್ರ, ಎಲ್ಲೆಲ್ಲಿಯೋ ಇರುವ ಜನ ಅವಳು ಏನು ಹೇಳುತ್ತಾಳೋ ಎಂದು ಕಾದು ಕೂರುತ್ತಾರೆ. ಅವಳ ಮಾತಿಗೆ ಬೆಲೆ ಇರುವ ಜಾಗ ಈ ಭೂಮಿಯ ಮೇಲೆ ಅದೊಂದೇ. ಅದನ್ನು ಕಿತ್ತುಕೊಳ್ಳಲು ಹೊರಟವನನ್ನು ನಾನು ಸುಮ್ಮನೆ ಬಿಡುವವಳಲ್ಲ.

ಇದು ತಂಗಿಯ ಗಂಡನ ಕೆಲಸವೇ ಎಂದು ಮೊನ್ನೆ ಅವನ ಮನೆ ಬಾಗಿಲಲ್ಲಿ ನಿಂತು ಬೀದಿಗೆಲ್ಲ ಕೇಳುವಂತೆ ಕೂಗಾಡಿ ಬಂದಿದ್ದೆ. ಆಮೇಲೆ ತಿಳಿಯಿತು, ಆ ಶುಕ್ರವಾರ ಹನ್ನೊಂದಕ್ಕೆ ಅವನು ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆದುಕೊಂಡು ಬಿದ್ದಿದ್ದ. ಕ್ಷಮೆ ಇನ್ನೂ ಕೇಳಿಲ್ಲ. ಕೇಳುತ್ತೇನೆ, ಆದರೆ ಇವತ್ತಲ್ಲ.

ಈ ಅಂಗಡಿಯ ವಿಳಾಸ ಕೊಟ್ಟವಳು ತಂಗಿಯೇ. "ಅಲ್ಲಿಗೆಲ್ಲ ಹೋಗಬೇಡ ಅಕ್ಕ" ಎನ್ನುತ್ತಲೇ ಎರಡೆರಡು ಸಲ ಬಿಡಿಸಿ ಹೇಳಿದ್ದಳು.

"ಮೇಡಂ, ತೀರ್ಪು ನಾಲ್ಕಕ್ಕೆ ಬರುತ್ತೆ. ಮನೇಲೇ ಕೂತು ನೋಡಬಹುದಿತ್ತು," ಎಂದ ತಕ್ಕಡಿ. ದನಿ ಎಣ್ಣೆ ಹಾಕಿದಷ್ಟು ನಯವಾಗಿತ್ತು. "ನಿಮ್ಮ ತಂಗಿ ಬಗ್ಗೆ ನನಗೂ ಗೌರವ ಇದೆ. ಏನು ಮಾಡೋದು ಹೇಳಿ?"

"ಗೌರವ ನಿಮ್ಮ ಹತ್ರಾನೇ ಇಟ್ಕೊಳಿ. ಅವಳು ಮಾರಿಲ್ಲ ಅಂತಿದಾಳೆ. ನಂಬಲ್ವಾ?"

"ಎಲ್ಲರೂ ಹಾಗೇ ಅಂತಾರೆ. ನೀವೇ ಯೋಚನೆ ಮಾಡಿ. ಇಪ್ಪತ್ತಮೂರು ವಯಸ್ಸು. ಗೋಲು ಹದಿನೈದು, ಓಟ ಹದಿಮೂರು, ದಮ್ಮು ಏಳು. ಅಂಥವನಿಗೆ ಕಣ್ಣು ಮುಚ್ಕೊಂಡು ಐದು ಲಕ್ಷ ಕೊಡ್ತಾರೆ. ನಲವತ್ತು ಸಾವಿರಕ್ಕೆ ಮಾರಿದ್ರೆ ಅದು ವ್ಯಾಪಾರ ಅಲ್ಲ, ಕಳ್ಳಾಟ."

"ಕಳ್ಳಾಟ ಅಂದ್ರೆ ನೋಡಿ ಸರಿ ಇರಲ್ಲ!"

"ಕೂಗಬೇಡಿ ಮೇಡಂ. ಗಿರಾಕಿ ಇದಾರೆ."

"ನನಗೇನೂ ತೊಂದ್ರೆ ಇಲ್ಲಮ್ಮ, ನೀನು ಮಾತಾಡು," ಎಂದರು ಮುದುಕರು.

ನಾನು ಗಿರಾಕಿಗಳ ಸ್ಟೂಲನ್ನು ಎಳೆದುಕೊಂಡು ಗಲ್ಲಾಪೆಟ್ಟಿಗೆಯ ಎದುರಿಗೇ ಕೂತೆ. "ಆ ದೂರು ತೋರಿಸಿ. ತೋರಿಸೋವರೆಗೂ ನಾನು ಇಲ್ಲಿಂದ ಏಳಲ್ಲ."

"ದೂರು ಹೊರಗಿನವರಿಗೆ ತೋರಿಸೋ ಹಾಗಿಲ್ಲ."

"ಹಾಗಾದ್ರೆ ಅಂಗಡಿ ಬಾಗಿಲು ಹಾಕೋವರೆಗೂ ಇಲ್ಲೇ ಇರ್ತೀನಿ. ಬಂದೋರಿಗೆಲ್ಲ ನಿಮ್ಮ ಆಟದ ಹೆಸರು ಹೇಳ್ತೀನಿ, ನೀವು ಬೆಳಿಗ್ಗೆಯಿಂದ ಸಂಜೆವರೆಗೆ ಇಲ್ಲಿ ಏನು ಆಡ್ತೀರ ಅಂತಾನೂ ಹೇಳ್ತೀನಿ. ನನಗೆ ಶನಿವಾರ ರಜ."

ಒಳಗೆ ಗಾಜು ತಿಕ್ಕುವ ಯಂತ್ರ ಗುರ್ ಎನ್ನುತ್ತಿತ್ತು. ಅವನು ಎದ್ದು ಹೋಗಿ ಅದನ್ನು ನಿಲ್ಲಿಸಿ ಬಂದ. ಮುದುಕರು ಚೌಕಟ್ಟನ್ನು ಮೂಗಿನ ಮೇಲೆ ಸರಿಮಾಡಿಕೊಂಡು, "ತೋರಿಸಿಬಿಡಪ್ಪ. ನನ್ನ ಇನ್ನೊಂದು ಕಣ್ಣು ನೋಡೋದು ಯಾವಾಗ?" ಎಂದರು.

ತಕ್ಕಡಿ ಕಂಪ್ಯೂಟರಿನ ಪರದೆಯನ್ನು ನನ್ನ ಕಡೆಗೆ ತಿರುಗಿಸಿದ.

"ನೋಡ್ಕೊಳಿ. ನೋಡಿ ನಕ್ಕುಬಿಡಿ. ಬರೆದವನು ಶತಮೂರ್ಖ, ಆಟದ ಗಂಧಗಾಳಿ ಇಲ್ಲದವನು. ಆದ್ರೆ ದೂರು ಮಾತ್ರ ನಿಜ."

ನಾನು ಓದಿದೆ.

ಈ ಆಟಗಾರನ ನಿಜವಾದ ಬೆಲೆ ಮೂರು ಲಕ್ಷದ ಹನ್ನೆರಡು ಸಾವಿರ. ಗೋಲು ಹದಿನೈದು, ಓಟ ಹದಿಮೂರು, ದಮ್ಮು ಆರು. ವಯಸ್ಸಿಗೆ ವರ್ಷಕ್ಕಿಷ್ಟು ಎಂದು ಸವಕಳಿ ಕಳೆಯಲಾಗಿದೆ. ಎಡಮಂಡಿಯ ಹಳೆಯ ಪೆಟ್ಟಿಗೆ ಹತ್ತು ಸಾವಿರ ಕಳೆಯಲಾಗಿದೆ. ಇದುವರೆಗೆ ಒಬ್ಬರೇ ಮಾಲೀಕರಾದ್ದರಿಂದ ನೂರಕ್ಕೆ ಐದರಂತೆ ಸೇರಿಸಲಾಗಿದೆ.

"ಒಬ್ಬರೇ ಮಾಲೀಕರಂತೆ!" ತಕ್ಕಡಿ ಹೊಟ್ಟೆ ಹಿಡಿದುಕೊಂಡು ನಗತೊಡಗಿದ. "ಫುಟ್‌ಬಾಲ್ ಆಟಗಾರನಿಗೆ ಎಷ್ಟು ಜನ ಮಾಲೀಕರಾದ್ರೆ ಏನು? ಸವಕಳಿ ಬೇರೆ! ಇಪ್ಪತ್ತಮೂರು ಅಂದ್ರೆ ಏರೋ ವಯಸ್ಸು, ವರ್ಷ ಹೋದ ಹಾಗೆ ಬೆಲೆ ಜಾಸ್ತಿ ಆಗುತ್ತೆ. ಯಾವನೋ ಹಳೇ ಕಾರು ಮಾರೋನು ಬರೆದ ಹಾಗಿದೆ."

ನಾನು ಆ ಸಾಲುಗಳನ್ನು ಮತ್ತೊಮ್ಮೆ ಓದಿದೆ.

ಇಪ್ಪತ್ತಾರು ವರ್ಷದಿಂದ ಹಳೇ ಕಾರುಗಳಿಗೆ ಬೆಲೆ ಕಟ್ಟುವುದೇ ನನ್ನ ಕೆಲಸ. ಬಾಗಿಲಿಗೆ ಬೆರಳು ಮಡಚಿ ತಟ್ಟಿದರೆ ನಜ್ಜಿದ್ದನ್ನು ಮುಚ್ಚಲು ಬಣ್ಣದಡಿ ಮೆತ್ತಿದ ಪುಟ್ಟಿ ಎಲ್ಲಿದೆ ಎಂದು ಹೇಳಬಲ್ಲೆ. ಮೀಟರನ್ನು ಹಿಂದಕ್ಕೆ ತಿರುಗಿಸಿದ್ದರೆ ಬ್ರೇಕ್ ಪೆಡಲಿನ ಸವೆದ ರಬ್ಬರ್ ನೋಡಿ ಹಿಡಿಯಬಲ್ಲೆ. ನೋಡಿದ್ದನ್ನು ತಪಾಸಣೆ ಚೀಟಿಯಲ್ಲಿ ಬರೆದು ಕೆಳಗೆ ಸಹಿ ಹಾಕುತ್ತೇನೆ. ಒಬ್ಬರೇ ಮಾಲೀಕರಿದ್ದ ಗಾಡಿಗೆ ನೂರಕ್ಕೆ ಐದು ಸೇರಿಸುವುದು ನನ್ನ ಪದ್ಧತಿ. ಬೇರೆಯವರು ಮೂರು ಸೇರಿಸುತ್ತಾರೆ.

ಗೂಳಿ ಮಾರಾಟವಾದ ಹಿಂದಿನ ದಿನ, ಗುರುವಾರ, ತಂಗಿ ನಮ್ಮ ಮನೆಗೆ ಬಂದಿದ್ದಳು. ಅವಳ ಫೋನಿನ ಗಾಜು ಒಡೆದಿತ್ತು, ಹಾಗಾಗಿ ನಮ್ಮ ಕಂಪ್ಯೂಟರಿನಲ್ಲೇ ಆಟ ತೆರೆದಳು. ಗುರುವಾರ ಮಧ್ಯಾಹ್ನಕ್ಕೆ ಆ ವಾರದ ತರಬೇತಿಯ ಫಲ ಬರುತ್ತದಂತೆ. "ಅಕ್ಕ ಬಾ ಇಲ್ಲಿ, ಗೂಳಿ ದಮ್ಮು ಆರಾಯ್ತು!" ಎಂದು ಕುಣಿದಾಡಿದಳು. "ಈ ಅಂಕಿ ಈಗ ಇಡೀ ಜಗತ್ತಲ್ಲಿ ನನಗೊಬ್ಬಳಿಗೇ ಕಾಣೋದು. ಮಾರೋಕಿಟ್ಟರೆ ಮಾತ್ರ ಎಲ್ಲರಿಗೂ. ಇಲ್ಲಾಂದ್ರೆ ಮಾಲೀಕರಿಗೆ ಬಿಟ್ಟು ಬೆಲೆಗಾರರಿಗೂ ಕಾಣಲ್ಲ." ನಾನು ತಮಾಷೆಗೆ ಒಂದು ತಪಾಸಣೆ ಚೀಟಿ ತೆಗೆದು ಗೂಳಿಯನ್ನೂ ಕಾರಿನಂತೆ ತುಂಬಿದೆ. ಮಂಡಿಯ ಪೆಟ್ಟಿಗೆ ಹತ್ತು ಸಾವಿರ ಕಳೆದೆ. ಮೂರೂ ಜನ ಬಿದ್ದು ಬಿದ್ದು ನಕ್ಕೆವು. ನನ್ನ ಗಂಡ ಆ ಚೀಟಿಯನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದರು.

ಮೂರೇ ಜನ. ನಾನು, ತಂಗಿ, ನನ್ನ ಗಂಡ.

ಅಲ್ಲಿಗೆ ಬಾಯಿ ಮುಚ್ಚಿಕೊಂಡು ಎದ್ದು ಬಂದಿದ್ದರೆ ನಾನು ಜಾಣೆ. ಆದರೆ ಆ ಮನುಷ್ಯ ಇನ್ನೂ ನಗುತ್ತಿದ್ದ.

"ಶತಮೂರ್ಖ," ಎಂದ ಮತ್ತೆ, ಕಣ್ಣೊರೆಸಿಕೊಳ್ಳುತ್ತಾ.

"ಯಾರ್ರೀ ಮೂರ್ಖ? ಆ ಲೆಕ್ಕ ನಂದು!" ಸ್ಟೂಲು ಹಿಂದಕ್ಕೆ ಬಿತ್ತು. "ನಮ್ಮ ಮನೇಲಿ, ನಮ್ಮ ಕಂಪ್ಯೂಟರಲ್ಲಿ ನೋಡಿ, ನನ್ನ ಕೈಯಾರೆ ಬರೆದಿದ್ದು. ಅದನ್ನ ಯಾರೋ ಕದ್ದು ಹಾಕಿದಾರೆ!"

ತಕ್ಕಡಿಯ ನಗು ಥಟ್ಟನೆ ನಿಂತಿತು. ಅವನು ಕನ್ನಡಕ ತೆಗೆದು, ಹಳದಿ ಬಟ್ಟೆಯಿಂದ ಒರೆಸಿ, ಮತ್ತೆ ಹಾಕಿಕೊಂಡ.

"ಹಾಗಾ? ಹಾಗಿದ್ರೆ ಮಾತೇ ಬೇರೆ. ನಿಮ್ಮ ತಂಗಿಗೇ ಒಳ್ಳೇದಾಯ್ತಲ್ಲ," ಎಂದು ಡ್ರಾಯರಿನಿಂದ ಬಿಳಿ ಹಾಳೆ ತೆಗೆದ. "ಇಷ್ಟೇ ಬರೆದುಕೊಡಿ. ಲೆಕ್ಕ ನಿಮ್ಮದು, ನೋಡಿದ್ದು ನಿಮ್ಮ ಮನೆ ಕಂಪ್ಯೂಟರಲ್ಲಿ ಅಂತ. ನಾಲ್ಕಕ್ಕೆ ಮುಂಚೆ ಅದನ್ನೂ ಪರಿಗಣಿಸ್ತೀವಿ. ಸತ್ಯ ತಾನೆ ಮೇಡಂ? ನಿಮ್ಮ ಸಹಿ ಹಾಕೋಕೆ ಭಯ ಏನೂ ಇಲ್ಲವಲ್ಲ?"

ಭಯವಂತೆ, ನನಗಂತೆ. ನಾನು ಬೆಲೆ ಕಟ್ಟಿದ ಗಾಡಿ ಮಾರನೇ ದಿನವೇ ಕೆಟ್ಟು ನಿಂತಾಗಲೂ, ಗಿರಾಕಿ ಕೊರಳಪಟ್ಟಿಗೆ ಕೈ ಹಾಕಲು ಬಂದಾಗಲೂ, ಚೀಟಿ ನನ್ನದಲ್ಲ ಎಂದು ನಾನು ಹೇಳಿದ್ದಿಲ್ಲ. ಬರೆದೆ. ಸಹಿ ಹಾಕಿದೆ. ಕೆಳಗೆ ತಾರೀಖನ್ನೂ ಹಾಕಿದೆ.

ಹೊರಗೆ ಬರುವಾಗ ಮುದುಕರು ಕಪ್ಪು ಬಿಲ್ಲೆಯನ್ನು ಇನ್ನೊಂದು ಕಣ್ಣಿಗೆ ಬದಲಾಯಿಸಿಕೊಳ್ಳುತ್ತಿದ್ದರು.

ಬಸ್ಸಿನಲ್ಲಿ ಕೂತಷ್ಟು ಹೊತ್ತೂ ಮೈ ಉರಿಯುತ್ತಿತ್ತು. ನನ್ನ ಗಂಡ ಮನೆಯಲ್ಲೇ ಕೂತು ಪಠ್ಯಪುಸ್ತಕಗಳ ಕರಡಚ್ಚು ತಿದ್ದುವವರು. ಹಾಲು ಉಕ್ಕಿದರೂ "ಉಕ್ಕಿತಲ್ಲ" ಎಂದು ಮೆಲ್ಲಗೆ ಹೇಳುವವರು. ಕಳೆದ ಎಂಟು ದಿನ ನಾನು ಯಾರ್ಯಾರನ್ನೋ ಬೈಯುತ್ತಾ ಮನೆಯೆಲ್ಲ ಓಡಾಡಿದಾಗ ಎದುರಿಗೆ ಕೂತು ಹೂಂಗುಟ್ಟಿದವರು, ನೀರು ಕುಡಿ ಎಂದು ಲೋಟ ತಂದುಕೊಟ್ಟವರು. ಇದೇ ಮನುಷ್ಯ ನನ್ನ ತಂಗಿಯ ಬೆನ್ನಿಗೆ ಚೂರಿ ಹಾಕಿದನೇ?

ಮನೆಗೆ ಬಂದಾಗ ಗಡಿಯಾರ ಮೂರು ಗಂಟೆ ತೋರಿಸುತ್ತಿತ್ತು. ಚಪ್ಪಲಿ ಕಳಚದೇ ನೇರ ಅಡುಗೆಮನೆಗೆ ನುಗ್ಗಿದೆ. ಫ್ರಿಜ್ಜಿನ ಬಾಗಿಲಲ್ಲಿ ಚೀಟಿ ಹಾಗೇ ಇತ್ತು. ಅಲ್ಲೇ ಮೇಜಿನ ಮುಂದೆ ಅವರು ಕೂತಿದ್ದರು, ಕಿವಿಯ ಸಂದಿಯಲ್ಲಿ ಕೆಂಪು ಪೆನ್ನು. ಎದುರಿಗೆ ತಂಗಿ. ಕೆಲಸದ ಜಾಗದ ನೀಲಿ ಅಂಗಿಯನ್ನೂ ಬಿಚ್ಚದೆ ನೇರ ಇಲ್ಲಿಗೇ ಬಂದಿದ್ದಳು.

"ರೀ, ಆ ದೂರು ಬರೆದಿದ್ದು ಯಾರು?"

ಅವರು ಕಿವಿಯಿಂದ ಪೆನ್ನು ತೆಗೆದು ಮೇಜಿನ ಮೇಲಿಟ್ಟರು. "ನಾನೇ."

"ಗೂಳಿನ ಮಾರಿದ್ದು?"

"ಅದೂ ನಾನೇ."

ಕೈಗೆ ಸಿಕ್ಕಿದ್ದು ಚಹಾ ಸೋಸುವ ಜಾಲರಿ. ಅದನ್ನೇ ಎತ್ತಿದೆ.

"ಬಾವನ್ನ ಬೈಬೇಡ ಅಕ್ಕ," ತಂಗಿ ನಡುವೆ ಬಂದು ನಿಂತಳು. "ಮಾಡಿ ಅಂತ ಹೇಳಿದ್ದು ನಾನು. ಎರಡನ್ನೂ."

"ಏನೇ ಹೇಳ್ತಿದೀಯ ನೀನು?"

"ಕೂತ್ಕೋ, ಹೇಳ್ತೀನಿ. ಎರಡು ವರ್ಷದಿಂದ ಯಾರಾದ್ರೂ ಬೆಲೆ ಗೊತ್ತಿಲ್ದೆ ಒಳ್ಳೇ ಆಟಗಾರನ್ನ ಕಮ್ಮಿಗೆ ಇಟ್ಟರೆ, ನಾಲ್ಕೇ ನಿಮಿಷದಲ್ಲಿ ಯಾವುದೋ ಹೊಸ ತಂಡ ಎತ್ತಿಬಿಡುತ್ತೆ. ಪಾಪ, ಹೊಸಬರೆಲ್ಲ ಅತ್ಕೊಂಡು ಆಟಾನೇ ಬಿಟ್ಟು ಹೋಗ್ತಿದಾರೆ. ಇದು ಬೆಲೆಗಾರರಲ್ಲೇ ಒಬ್ಬರ ಕೆಲಸ ಅಂತ ನನಗೆ ಅನುಮಾನ. ಕೇಳಿದ್ರೆ ಪುರಾವೆ ಎಲ್ಲಿ ಅಂತಾರೆ. ಅದಕ್ಕೇ ನಾನು ಕೆಲಸದಲ್ಲಿರೋವಾಗ ಬಾವನ ಕೈಲಿ ಗೂಳಿನೇ ಕಮ್ಮಿ ಬೆಲೆಗೆ ಇಡಿಸಿದೆ."

"ಮತ್ತೆ ದೂರು ಯಾಕೆ, ಅದೂ ನಿನ್ನ ಮೇಲೇ?"

"ದೂರು ಬಿದ್ರೆ ಕೊಂಡ ತಂಡ ಯಾರದು ಅಂತ ತನಿಖೆ ಆಗಲೇಬೇಕು. ಆಗ ಅವರು ಗೂಳಿ ಬಗ್ಗೆ ಬಾಯಿ ಬಿಡಲೇಬೇಕು. ಬಾವನಿಗೆ ಬೆಲೆ ಏನು ಬರೀಬೇಕು ಅಂತ ಗೊತ್ತಾಗ್ಲಿಲ್ಲ, ಚೀಟಿ ನೋಡಿ ಬರೆದುಬಿಟ್ರು."

"ನೀನು ಬರೆದಿದ್ದನ್ನ ತಿದ್ದೋ ಧೈರ್ಯ ನನಗೆಲ್ಲಿ?" ಎಂದರು ನನ್ನ ಗಂಡ.

"ನನಗೊಂದು ಮಾತು ಹೇಳೋಕೆ ನಿಮ್ಮಿಬ್ಬರಿಗೂ ಏನಾಗಿತ್ತು ಧಾಡಿ? ನಾನು ನಿನ್ನ ಗಂಡನ ಮೇಲೆ ನಿಮ್ಮ ಮನೆ ಬಾಗಿಲಲ್ಲೇ ನಿಂತು ಕಿರುಚಿ ಬಂದೆ! ಎಂಟು ದಿನ ಅನ್ನ ನೀರು ಸೇರಲಿಲ್ಲ ನನಗೆ!"

ತಂಗಿ ತಲೆ ತಗ್ಗಿಸಿದಳು. "ಅವರು ಬಾಯಿ ಬಿಡ್ತಾರೆ ಅಂದ್ಕೊಂಡಿದ್ದೆ, ಬಿಡ್ಲಿಲ್ಲ. ತನಿಖೆನೂ ಮಾಡದೆ ತೀರ್ಪು ನನ್ನ ಮೇಲೇ ತಿರುಗಿಸೋಕೆ ಹೊರಟ್ರು. ಆಮೇಲೆ ಉಳಿದಿದ್ದು ನೀನೊಬ್ಬಳೇ. ನಿನಗೆ ನಾಟಕ ಬರಲ್ಲ ಅಕ್ಕ. ನೀನು ನಿಜವಾಗ್ಲೂ ಹೋಗಿ ಕೂಗಾಡಿದ್ರೇನೇ ಆ ತಕ್ಕಡಿ ಮೈಮರೆತು ಮಾತಾಡೋದು."

"ಅಂದ್ರೆ ನನ್ನ ಕೋಪ ನಿಮಗೆ ಬಾಡಿಗೆ ಗಾಡಿನಾ? ಬೇಕಾದಾಗ ಹತ್ತಿ, ಬೇಕಾದಲ್ಲಿ ಇಳಿಯೋಕೆ?"

"ಬೈಯಿ, ಆಮೇಲೆ ಎಷ್ಟು ಬೇಕಾದ್ರೂ ಬೈಯಿ. ಈಗ ಟೈಮ್ ಇಲ್ಲ." ಅವಳು ನನ್ನ ಎರಡೂ ಕೈ ಹಿಡಿದುಕೊಂಡಳು. ಅವಳ ಬೆರಳುಗಳು ಸೋಪಿನ ನೀರಿಗೆ ಸುಕ್ಕಾಗಿದ್ದವು, ತಣ್ಣಗಿದ್ದವು. "ಗೂಳಿ ಬಗ್ಗೆ ಅವನು ಏನಂದ? ಒಂದಕ್ಷರ ಬಿಡದೆ ಹೇಳು."

ಅಂಕಿಗಳು ನನಗೆ ಮರೆಯುವುದಿಲ್ಲ. ಅದು ನನ್ನ ಹೊಟ್ಟೆಪಾಡು.

"ಇಪ್ಪತ್ತಮೂರು ವಯಸ್ಸು. ಗೋಲು ಹದಿನೈದು, ಓಟ ಹದಿಮೂರು, ದಮ್ಮು ಏಳು."

"ಎಷ್ಟು?"

"ಏಳು."

ತಂಗಿ ಕುರ್ಚಿ ಎಳೆದುಕೊಂಡು ಕೂತಳು. ನನ್ನ ಗಂಡ ಎದ್ದು ನಿಂತು ಫ್ರಿಜ್ಜಿನ ಮೇಲಿನ ಚೀಟಿಯನ್ನು ನೋಡಿದರು.

"ಮಾರೋಕಿಟ್ಟಾಗ ಎಲ್ಲರಿಗೂ ಕಂಡಿದ್ದು ಆರು ಅಕ್ಕ," ಅವಳು ಚೀಟಿಯತ್ತ ಬೆರಳು ತೋರಿಸಿದಳು. "ಏಳಾಗಿದ್ರೆ ಅದು ಮೊನ್ನೆ ಗುರುವಾರದ ತರಬೇತಿಯಲ್ಲಿ. ಅಷ್ಟೊತ್ತಿಗೆ ಗೂಳಿ ಹೊಸ ತಂಡದಲ್ಲಿದ್ದ. ಆ ಏಳು ಈಗಿನ ಮಾಲೀಕನಿಗೆ ಬಿಟ್ಟು ಇನ್ಯಾರಿಗೂ ಕಾಣಲ್ಲ."

ನನಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಆ ಏಳು ನನ್ನ ಕಿವಿಗೆ ಬಿದ್ದೂ, ಪರದೆಯ ಮೇಲೆ ಆರು ಎಂದು ಓದಿಯೂ, ನಾನು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿರಲಿಲ್ಲ. ಕೋಪ ಕಣ್ಣು ಕಟ್ಟಿತ್ತು. ಗೂಳಿಯನ್ನು ಎತ್ತಿದವನು ತಕ್ಕಡಿಯೇ. ಕದ್ದವನೇ ಕೂತು ನನ್ನ ತಂಗಿಗೆ ಕಳ್ಳಾಟ ಎಂದಿದ್ದ, ನನ್ನ ಮುಖಕ್ಕೇ.

"ಆ ಮಾತು ಇನ್ಯಾರಾದ್ರೂ ಕೇಳಿಸ್ಕೊಂಡ್ರಾ?" ಎಂದರು ನನ್ನ ಗಂಡ.

"ಒಬ್ಬರು ಮುದುಕರಿದ್ರು. ಕಣ್ಣು ತೋರಿಸೋಕೆ ಬಂದಿದ್ದೋರು. ನನ್ನ ಬಾಯನ್ನೇ ನೋಡ್ತಾ ಕೂತಿದ್ರು."

"ಯಾರವರು? ಎಲ್ಲಿಯವರು?"

"ನಾನೇನು ಕೇಳಿದ್ನಾ? ಕಿರುಚೋದ್ರಲ್ಲೇ ಇದ್ದೆ."

"ನಾಲ್ಕಕ್ಕೆ ಇನ್ನೂ ಮುಕ್ಕಾಲು ಗಂಟೆ ಇದೆ," ತಂಗಿ ಕಣ್ಣೊರೆಸಿಕೊಂಡು ಕಂಪ್ಯೂಟರಿನ ಕಡೆ ಓಡಿದಳು. "ಏಳು ಅಂದಿದ್ದನ್ನ ಎಲ್ಲರಿಗೂ ಕಾಣೋ ಹಾಗೆ ಬರೆದುಬಿಡ್ತೀನಿ. ಗೂಳಿ ದಮ್ಮು ಎಷ್ಟು ಅಂತ ಆಟ ನಡೆಸೋರೇ ತೆಗೆದು ನೋಡ್ಲಿ. ನಾಲ್ಕು ಸಾವಿರ ಜನ ನನ್ನ ಮಾತು ನಂಬ್ತಾರೆ ಅಕ್ಕ. ಇವತ್ತಿನವರೆಗೂ ನಂಬಿದಾರೆ."

ಹನ್ನೊಂದು ವರ್ಷದಲ್ಲಿ ಅವಳ ಬೆನ್ನು ಅಷ್ಟು ನೆಟ್ಟಗಿದ್ದುದನ್ನು ನಾನು ನೋಡಿರಲಿಲ್ಲ. ಅವಳು ಕೂತಳು, ಆಟ ತೆರೆದಳು.

ಆಮೇಲೆ ಅವಳ ಕೈ ಅಲ್ಲಾಡಲಿಲ್ಲ.

"ತೀರ್ಪು ಆಗಲೇ ಹಾಕಿದಾರೆ," ಎಂದಳು.

"ನಾಲ್ಕಕ್ಕೆ ಅಂದಿದ್ರಲ್ಲ!"

"ಹತ್ತು ನಿಮಿಷದ ಹಿಂದೆ ಹಾಕಿದಾರೆ." ಅವಳು ಪರದೆಯನ್ನು ನೋಡುತ್ತಲೇ ಓದತೊಡಗಿದಳು. "ಒಂದು ತಂಡವನ್ನು ಒಬ್ಬರಿಗಿಂತ ಹೆಚ್ಚು ಜನ ನಡೆಸುವಂತಿಲ್ಲ. ಈ ತಂಡ ಮಾಲೀಕಳ ಅಕ್ಕನ ಮನೆಯ ಕಂಪ್ಯೂಟರಿನಲ್ಲಿ ನಡೆದಿದೆ, ಆಟಗಾರನ ಬೆಲೆಯನ್ನು ಅಲ್ಲೇ ಗೊತ್ತುಮಾಡಲಾಗಿದೆ. ಇದನ್ನು ಅಕ್ಕನೇ ಸ್ವಇಚ್ಛೆಯಿಂದ ಬರೆದುಕೊಟ್ಟಿದ್ದಾರೆ. ಹಾಳೆಯ ಪಟ ಕೆಳಗಿದೆ. ತಂಡವನ್ನು ಅಳಿಸಲಾಗಿದೆ. ಕುಟುಂಬದವರು ಏನೇ ಹೇಳಿದರೂ ಇನ್ನು ಮುಂದೆ ಪರಿಗಣಿಸುವುದಿಲ್ಲ."

ನನ್ನ ಗಂಡ ನನ್ನ ಕಡೆ ತಿರುಗಿದರು. ನಾನು ಫ್ರಿಜ್ಜಿನ ಮೇಲಿನ ಚೀಟಿಯ ಕಡೆ ನೋಡುತ್ತಿದ್ದೆ. ಅದರ ಕೆಳಗೂ ಅದೇ ಸಹಿ ಇತ್ತು, ಅದೇ ಉದ್ದನೆಯ ಬಾಲ.

ತಂಗಿ ಕುರ್ಚಿಯನ್ನು ಮೆಲ್ಲಗೆ ತಿರುಗಿಸಿದಳು. ಅವಳ ಮುಖದಲ್ಲಿ ಕೋಪವಿದ್ದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಕೋಪದ ಜೊತೆ ಹೇಗೆ ಬಾಳುವುದು ಎಂದು ನನಗೆ ಗೊತ್ತು.

"ಅಕ್ಕ," ಎಂದಳು, ಪರದೆಯ ಮೇಲಿನ ಹಾಳೆಯತ್ತ ಬೆರಳಿಟ್ಟು. "ಈ ಸಹಿ ನಿಂದಾ?"

ಇಪ್ಪತ್ತಾರು ವರ್ಷದಲ್ಲಿ ಈ ಪ್ರಶ್ನೆಗೆ ನಾನು ಒಂದು ಸಲವೂ ಇಲ್ಲ ಎಂದವಳಲ್ಲ.

"ನಂದೇ," ಎಂದೆ.